ಕತ್ತಲೆಯ ತಿಂಗಳುಗಳಲ್ಲಿ ಮನೆವಾಸ

ಬೆಳಕೆಂಬದು ನಮ್ಮ ನಾಡಿನವರಿಗೆ ಬೇಡದೆಯೇ ದೊರಕುವ ಸಂಪತ್ತಾಗಿರುವದರಿಂದ ಅದರ ಬೆಲೆಯನ್ನು ಕುರಿತು ನಾವು ಯೋಚಿಸುವದು ವಿರಳ. ವರುಷದ ಯಾವ ದಿನವನ್ನು ತೆಗೆದುಕೊಂಡರೂ ಬೆಂಗಳೂರಿನಲ್ಲಿ ಹಗಲು ಹನ್ನೊಂದು ಗಂಟೆಗಿಂತ ಕಡಿಮೆಯಾಗುವದಿಲ್ಲ. ಆದರೆ ಭೂಮಿಯ ಉತ್ತರದ ದೇಶಗಳಲ್ಲಿ ವಾಸಿಸುವವರಿಗೆ ವರುಷದಲ್ಲಿ ಮೂರು ನಾಲ್ಕು ತಿಂಗಳು ಹಗಲೇ ಒಂದು ಕೊರತೆಯ ಪದಾರ್ಥವಾಗಿರುವದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ದಾದಿಯರಾಗಿಯೂ ಗೃಹಿಣಿಯರಾಗಿಯೂ ಇಂಗ್ಲೆಂಡು ಮೊದಲಾದ ದೇಶಗಳಲ್ಲಿರುವರು. ಈಗ ಮೇಲಿನ ತರಗತಿಗಳಲ್ಲಿ ಓದುತ್ತಿರುವವರಲ್ಲಿಯೂ ಕೆಲವರು ಹೋಗಲಿರುವರು. ಹೊರಡುವವರಿಗೆ ಅಲ್ಲಿಯ ಚಳಿಯ ಸಂಗತಿಯನ್ನು ಎಲ್ಲರೂ ಹೇಳುತ್ತಾರೆ, ಉಣ್ಣೆಯ ಬಟ್ಟೆಗಳನ್ನು ಕಟ್ಟಿಕೊಡುತ್ತಾರೆ. ಕತ್ತಲೆಯ ಸಂಗತಿಯನ್ನು ಹೇಳಿ ಕಳುಹಿಸುವವರು ಕಡಿಮೆ. 2020–21ರ ಚಳಿಗಾಲದಲ್ಲಿ ಆ ಕತ್ತಲೆಯೊಂದಿಗೆ ಲಾಕ್‌ಡೌನ್ ಎಂಬ ಮನೆವಾಸವೂ ಕೂಡಿ ಬಂದಾಗ ಅಲ್ಲಿಯ ಜನರು ಕಲಿತ ಪಾಠಗಳು ನಮಗೂ ಉಪಯುಕ್ತವಾದವುಗಳೆಂದೆಣಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ಈ ಕತ್ತಲೆಗೆ ಕಾರಣವೇನೆಂದು ನೋಡೋಣ. ಭೂಮಿಯು ನೆಟ್ಟಗೆ ನಿಂತು ತಿರುಗದೆ ಸುಮಾರು 23½ ಡಿಗ್ರಿ ಓರೆಯಾಗಿ ತಿರುಗುವದರಿಂದ ಡಿಸೆಂಬರಿನಲ್ಲಿ ಅದರ ಉತ್ತರಾರ್ಧವು ಸೂರ್ಯನಿಂದ ವಾಲಿಕೊಂಡಿರುವದು. ಇಲ್ಲಿ ಚಿಕ್ಕ ಲೆಕ್ಕವೊಂದನ್ನು ಮಾಡಬಹುದು. 90ರಿಂದ ಒಂದು ಊರಿನ ಅಕ್ಷಾಂಶವನ್ನೂ ಈ 23½ನ್ನೂ ಕಳೆದರೆ ಡಿಸೆಂಬರ್ 21ರ ನಡುಹಗಲಿನಲ್ಲಿ ಸೂರ್ಯನು ಎಷ್ಟು ಎತ್ತರದಲ್ಲಿರುವನೆಂಬದು ತಿಳಿಯುವದು. ಬೆಂಗಳೂರು 13ನೆಯ ಅಕ್ಷಾಂಶದಲ್ಲಿರುವದರಿಂದ ಇಲ್ಲಿ ಆ ಎತ್ತರವು 53½ ಡಿಗ್ರಿ. ಲಂಡನ್ ನಗರವು 51½ರಲ್ಲಿರುವದರಿಂದ ಅಲ್ಲಿ ಕೇವಲ 15 ಡಿಗ್ರಿ. ಅಂದರೆ ನಮ್ಮ ಸೂರ್ಯನು ಅದೇ ದಿನ ಬೆಳಿಗ್ಗೆ ಎಂಟು ಗಂಟೆಯೊಳಗಾಗಿ ಏರುವ ಎತ್ತರವನ್ನು ಅಲ್ಲಿಯ ಸೂರ್ಯನು ಮಧ್ಯಾಹ್ನಕ್ಕೂ ಮೀರುವದಿಲ್ಲ. ಎಂಟು ಗಂಟೆ ಕಳೆದ ಮೇಲೆ ಹುಟ್ಟಿ ನಾಲ್ಕು ಗಂಟೆ ಹೊಡೆಯುವ ಮುಂಚೆಯೇ ಅವನು ಮುಳುಗುವನು. ಇನ್ನೂ ಉತ್ತರದಲ್ಲಿರುವ ಎಡಿನ್‌ಬರೋ ಪಟ್ಟಣದಲ್ಲಿ ಹಗಲು ಏಳು ಗಂಟೆಗಳಷ್ಟು ಮಾತ್ರ. ಈ ಸ್ವಲ್ಪವನ್ನೂ ಮೋಡವು ಅನೇಕ ದಿನ ಮರೆಮಾಡುವದು.

ನಮ್ಮ ದೇಶದಲ್ಲಿ 2020ನೆಯ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗ ಬೇರೆ ಕಷ್ಟಗಳು ಎಷ್ಟಿದ್ದರೂ ಕಿಟಕಿ ತೆರೆದರೆ ಬಿಸಿಲು ಒಳಗೆ ಬರುತ್ತಿತ್ತು. ಇಂಗ್ಲೆಂಡಿನಲ್ಲಾದರೋ ಮೂರನೆಯ ಲಾಕ್‌ಡೌನ್ ಪ್ರಕಟವಾದದ್ದು 2021ನೆಯ ಜನವರಿ 4ರಂದು, ಅಂದರೆ ನಡುಚಳಿಗಾಲದಲ್ಲಿ. ಕೆಲವು ಮಕ್ಕಳ ಹೊರತು ಉಳಿದವರಿಗೆಲ್ಲಾ ಮಾರ್ಚ್ 8ರ ವರೆಗೆ ಶಾಲೆಗಳು ಮುಚ್ಚಿದ್ದವು. ವ್ಯಾಯಾಮಕ್ಕಾಗಿ ದಿನಕ್ಕೊಂದಾವರ್ತಿ ಹೊರಗೆ ಹೋಗುವದಕ್ಕೂ, ಹಾಗೆ ಹೋದಾಗ ಬೇರೆ ಮನೆಯ ಒಬ್ಬರೊಡನೆ ಮಾತ್ರ ನಡೆಯುವದಕ್ಕೂ ಅಪ್ಪಣೆಯಿತ್ತು. ಆಸ್ಪತ್ರೆಗಳಲ್ಲಿ ದುಡಿಯುವ ತಾಯಂದಿರು ಕತ್ತಲೆಯಲ್ಲಿ ಮನೆಬಿಟ್ಟು ಕತ್ತಲೆಯಲ್ಲಿ ಮನೆಗೆ ಬರುವರು. ಮಕ್ಕಳು ದೀಪದ ಕೆಳಗೆ ಗಣಕಯಂತ್ರದೆದುರು ಕುಳಿತು ಪಾಠ ಕೇಳುವರು. ಇಂಥ ಸ್ಥಿತಿಯಲ್ಲಿ ಗಟ್ಟಿಮನಸ್ಸಿನವರಿಗೂ ಮಂಕು ಕವಿಯುವದು ಆಶ್ಚರ್ಯವಲ್ಲ.

ಈ ಮಂಕು ಕೇವಲ ಸೋಮಾರಿತನವೆಂದು ತಿಳಿಯಬಾರದು. ನಮ್ಮ ಮಿದುಳಿನೊಳಗೆ, ಎರಡು ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಸ್ಥಳದ ಮೇಲ್ಗಡೆಯಲ್ಲಿ, ನಿದ್ರೆ ಎಚ್ಚರಗಳ ಹೊತ್ತನ್ನು ಗೊತ್ತುಮಾಡುವ ಒಂದು ಗಡಿಯಾರವಿರುವದು. ಅದು ಪ್ರತಿದಿನವೂ ಹೊರಗಿನ ಬೆಳಕನ್ನು ನೋಡಿ ತನ್ನ ಮುಳ್ಳನ್ನು ಸರಿಮಾಡಿಕೊಳ್ಳುವದು. ಕಣ್ಣಿನ ಹಿಂದಿನ ಪರದೆಯಲ್ಲಿ ಈ ಕಾರ್ಯಕ್ಕಾಗಿಯೇ ಬೇರೆ ವಿಧದ ಕಣಗಳಿರುವವೆಂದು 2002ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಶರೀರದ ಗಡಿಯಾರವು ಜೀವಕಣಗಳೊಳಗೆ ನಡೆಯುವ ಕ್ರಮವನ್ನು ಕಂಡುಹಿಡಿದ ಹಾಲ್, ರೋಸ್‌ಬ್ಯಾಷ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕವು ದೊರಕಿತು. ಬೆಳಗಿನ ಬೆಳಕು ಕಣ್ಣಿಗೆ ಬೀಳದೆಹೋದರೆ ಈ ಗಡಿಯಾರವು ಹಿಂದೆ ಬೀಳುವದು. ರಾತ್ರಿ ನಿದ್ರೆ ಬಾರದು, ಬೆಳಿಗ್ಗೆ ಎಚ್ಚರವಾಗದು, ಹಗಲೆಲ್ಲಾ ಮೈ ಭಾರವಾಗಿರುವದು.

ಬಿಸಿಲುನಾಡಾದ ದಕ್ಷಿಣ ಆಫ್ರಿಕದಿಂದ ಅಮೇರಿಕಕ್ಕೆ ಹೋಗಿ ನೆಲೆಸಿದ ನಾರ್ಮನ್ ರೋಸೆಂತಾಲ್ ಎಂಬ ವೈದ್ಯರು, ಚಳಿಗಾಲ ಬಂತೆಂದರೆ ತಮ್ಮ ಉತ್ಸಾಹವು ಕುಗ್ಗುವದನ್ನು ತಮ್ಮಲ್ಲಿಯೇ ಕಂಡರು. ಅವರೂ ಅವರ ಜೊತೆಯವರೂ ಪರೀಕ್ಷೆಗಳನ್ನು ಮಾಡಿ, ಋತುವಿನೊಂದಿಗೆ ಬಂದುಹೋಗುವ ಇಂಥ ಖಿನ್ನತೆಯನ್ನು 1984ರಲ್ಲಿ ವೈದ್ಯಲೋಕದ ಮುಂದೆ ವಿವರಿಸಿದರು. ಪ್ರಕಾಶವಾದ ದೀಪದ ಬೆಳಕು ಅದಕ್ಕೆ ಔಷಧವಾಗುವದೆಂದೂ ತೋರಿಸಿದರು. ಬಿಸಿಲಿನ ನಾಡಿನಿಂದ ಹೋದ ವೈದ್ಯರಿಗೇ ಹೀಗಾದ ಮೇಲೆ ನಮ್ಮ ಹುಡುಗಿಯರಿಗೆ ಆಗುವದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ.

ಕತ್ತಲೆಯಲ್ಲಿ ಸೆರೆಯಾಗಿ ಬದುಕುವ ವಿದ್ಯೆಯನ್ನು ಈ ಪರೀಕ್ಷೆಗಳಿಗಿಂತ ಬಹಳ ಮುಂಚೆಯೇ ಧ್ರುವಪ್ರದೇಶದ ನಾವಿಕರು ಕಲಿತಿದ್ದರು. ಇಂಗ್ಲೆಂಡಿನ ಎಡ್ವರ್ಡ್ ಪ್ಯಾರಿ ಎಂಬ ನಾವಿಕಾಧಿಪತಿಯು 1819ರಲ್ಲಿ ಎರಡು ಹಡಗುಗಳೊಂದಿಗೆ ಉತ್ತರದ ಹಿಮಸಮುದ್ರದಲ್ಲಿ ಚಳಿಗಾಲವನ್ನು ಕಳೆದನು. ಸುಮಾರು ಮೂರು ತಿಂಗಳು ಅವರಿಗೆ ಸೂರ್ಯದರ್ಶನವೇ ಇರಲಿಲ್ಲ. ಆತನು ಜನರನ್ನು ಸುಮ್ಮನೆ ಮಲಗಗೊಡಿಸಲಿಲ್ಲ. ಹೊರಗೆ ಹೋಗಲಾರದ ದಿನಗಳಲ್ಲಿ ಕೈಯಿಂದ ತಿರುಗಿಸುವ ಆರ್ಗನ್ ವಾದ್ಯವನ್ನು ನುಡಿಸುತ್ತಾ ನಾವಿಕರನ್ನು ಹಡಗಿನ ಅಟ್ಟದ ಮೇಲೆ ಸುತ್ತು ಓಡಿಸಿದನು. ಅಧಿಕಾರಿಗಳೇ ವೇಷ ಕಟ್ಟಿ ನಾಟಕವಾಡಿದರು. ವಾರಕ್ಕೊಂದು ಕೈಬರಹದ ಪತ್ರಿಕೆಯು ಹೊರಟಿತು. 1821ರಲ್ಲಿ ಪುನಃ ಹೋದಾಗ ಓದುಬರಹವಿಲ್ಲದ ನಾವಿಕರಿಗಾಗಿ ಹಡಗಿನಲ್ಲಿಯೇ ಶಾಲೆ ತೆರೆಯಲಾಯಿತು. ಹೀಗೆ ಅವರು ಕತ್ತಲೆಯ ತಿಂಗಳುಗಳಿಂದ ಅಕ್ಷರವನ್ನು ಸಂಪಾದಿಸಿಕೊಂಡು ಊರಿಗೆ ಮರಳಿದರು. 1898ರಲ್ಲಿ ಬೆಲ್ಜಿಕಾ ಎಂಬ ಹಡಗು ದಕ್ಷಿಣಧ್ರುವದ ಹಿಮದಲ್ಲಿ ಸಿಕ್ಕಿಕೊಂಡಾಗಲಾದರೋ ಜನರು ವ್ಯಾಧಿಗೂ ವಿಷಾದಕ್ಕೂ ಈಡಾದರು. ಹಡಗಿನ ವೈದ್ಯನಾದ ಫ್ರೆಡರಿಕ್ ಕುಕ್ ಎಂಬವನು ಅವರಿಗೆ ತಾಜಾ ಮಾಂಸವನ್ನು ತಿನ್ನಿಸಿ, ಉರಿಯುವ ಒಲೆಯ ಪ್ರಕಾಶದೆದುರು ಪ್ರತಿದಿನ ಕೂರಿಸಿ, ಹಡಗಿನ ಸುತ್ತಲೂ ನಡೆಯಿಸಿ ಅನೇಕರನ್ನು ಚೇತರಿಸಿದನು.

ಈ ಎಲ್ಲಾ ದೃಷ್ಟಾಂತಗಳಿಂದ ಹೊರಡುವ ತಾತ್ಪರ್ಯವು ಒಂದೇ: ಕತ್ತಲೆಯ ಕಾಲವು ತಾನಾಗಿ ಕಳೆಯಲೆಂದು ಕಾಯುತ್ತಾ ಕೂಡ್ರಬಾರದು. ಬೇರೆ ಕಾಲದಲ್ಲಿ ಪ್ರಕೃತಿಯೂ ಸಮಾಜವೂ ನಮಗಾಗಿ ಮಾಡಿಕೊಡುವ ಏರ್ಪಾಡನ್ನು ಆ ಕಾಲದಲ್ಲಿ ನಾವೇ ಬೇಕೆಂದು ಮಾಡಿಕೊಳ್ಳಬೇಕು. ಅದರ ಕ್ರಮವನ್ನು ಕೆಳಗೆ ಹೇಳುವೆನು.

ಮೊದಲನೆಯದು ಬೆಳಕು. ಸಾಯಂಕಾಲ ಮನೆಯ ದೀಪದ ಬೆಳಕು ನಮಗೆ ಸಾಕಷ್ಟೆಂದು ತೋರಿದರೂ ಅಳತೆಯಲ್ಲಿ ಅದು ಕೆಲವು ನೂರು ಲಕ್ಸ್ ಮಾತ್ರ. ಮೋಡ ಮುಸುಕಿದ ಹಗಲಿನಲ್ಲಿಯೂ ಹೊರಗಿನ ಬೆಳಕು ಅದರ ಎಷ್ಟೋ ಪಾಲು ಹೆಚ್ಚು. ಆದದರಿಂದ ಬೆಳಗಾದ ಕೂಡಲೆ ಅರ್ಧ ಗಂಟೆಯಾದರೂ ಹೊರಗೆ ನಡೆಯಬೇಕು. ನಸುಕಿನಲ್ಲಿಯೇ ಕೆಲಸಕ್ಕೆ ಹೋಗುವವಳು ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಡೆಯಲಿ. ಓದುವ ಮೇಜನ್ನು ಗೋಡೆಯ ಬದಿಯಿಂದ ಕಿಟಕಿಯ ಬದಿಗೆ ಎಳೆಯಲಿ. ಇಷ್ಟರಿಂದ ಸಾಲದವರಿಗೆ ವೈದ್ಯರು 10,000 ಲಕ್ಸ್ ಬೆಳಕಿನ ಪೆಟ್ಟಿಗೆಯೆದುರು ಬೆಳಿಗ್ಗೆ ಅರ್ಧ ಗಂಟೆ ಕೂಡ್ರುವಂತೆ ಹೇಳುವದುಂಟು. ಇನ್ನೊಂದು ಸಂಗತಿ: ಚರ್ಮದ ಮೇಲೆ ಬಿಸಿಲು ಬಿದ್ದರೆ ಉಂಟಾಗುವ ‘ಡಿ’ ಜೀವಸತ್ವವು ಬ್ರಿಟನ್ನಿನ ಚಳಿಗಾಲದ ಬಿಸಿಲಿನಿಂದ ಉಂಟಾಗಲಾರದು. ಆ ಕಾಲದಲ್ಲಿ ಪ್ರತಿದಿನ 10 ಮೈಕ್ರೊಗ್ರಾಮ್ ಸೇವಿಸುವದನ್ನು ಯೋಚಿಸಬೇಕೆಂದು ಅಲ್ಲಿಯ ಆರೋಗ್ಯಾಧಿಕಾರಿಗಳು ಎಲ್ಲರಿಗೂ ಹೇಳುವರು. ನಮ್ಮಂಥ ಕಪ್ಪುಬಣ್ಣದ ಚರ್ಮದವರು ವರುಷವಿಡೀ ಸೇವಿಸುವದನ್ನು ಯೋಚಿಸಬೇಕೆಂಬದು ಅವರ ಸಲಹೆ.

ಎರಡನೆಯದು ಹೊತ್ತಿನ ಕಟ್ಟು. ಶಾಲೆಯ ಗಂಟೆಯು ಬೇಸರವೆಂದು ಹೇಳುವ ಹುಡುಗಿಯು ಅದು ನಿಂತುಹೋದಾಗ ಅದರ ಉಪಕಾರವನ್ನು ತಿಳಿಯುವಳು. ಮನೆವಾಸದಲ್ಲಿ ಸೋಮವಾರಕ್ಕೂ ಶನಿವಾರಕ್ಕೂ ಭೇದವಿಲ್ಲದೆಹೋಗುವದೇ ದೊಡ್ಡ ಕೇಡು. ಏಳುವ ಹೊತ್ತು, ಸ್ನಾನದ ಹೊತ್ತು, ಓದಿನ ಹೊತ್ತು, ಊಟದ ಹೊತ್ತು ಇವುಗಳನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಎಲ್ಲಕ್ಕಿಂತ ಏಳುವ ಹೊತ್ತನ್ನು ತಪ್ಪಿಸಬಾರದು. ಶರೀರದ ಗಡಿಯಾರವು ಅದನ್ನೇ ಹಿಡಿದು ನಡೆಯುವದು.

ಮೂರನೆಯದು ಕೈಕೆಲಸ. ಕೊನೆಮುಟ್ಟುವದನ್ನು ಕಣ್ಣಾರೆ ಕಾಣಬಹುದಾದ ಕೆಲಸವೊಂದು ಕೈಯಲ್ಲಿರಬೇಕು. ಅರ್ಧ ಹೆಣೆದ ಉಲ್ಲನ್ ಟೋಪಿಯು ನಿನ್ನೆಗಿಂತ ಇಂದು ಎರಡು ಬೆರಳು ಬೆಳೆದಿರುವದು. ಆಡುಯಂತ್ರದೆದುರು ಕಳೆದ ನಾಲ್ಕು ತಾಸಿಗೆ ಅಂಥ ಗುರುತೇನೂ ಉಳಿಯುವದಿಲ್ಲ. ಹೊಲಿಗೆ, ಕಸೂತಿ, ಹೊಸ ಅಡಿಗೆ, ಹೊಸ ಭಾಷೆಯ ಅಕ್ಷರಮಾಲೆ, ಒಂದು ದೊಡ್ಡ ಗ್ರಂಥದ ಪಾರಾಯಣ, ಅಜ್ಜಿಯ ಬಾಯಿಂದ ಕೇಳಿದ ಹಾಡುಗಳನ್ನು ಬರೆದಿಡುವದು, ಇವುಗಳಲ್ಲಿ ಒಂದನ್ನು ಆರಿಸಿಕೊಂಡರೆ ಸಾಕು. ಹತ್ತನ್ನು ಹಿಡಿದು ಹತ್ತನ್ನೂ ಬಿಡುವವಳಿಗೆ ಖೇದವು ಇಮ್ಮಡಿಯಾಗುವದು.

ನಾಲ್ಕನೆಯದು ಹೊರಗಿನ ಲೋಕದ ಮೇಲೆ ಕಣ್ಣಿಡುವದು. ಬ್ರಿಟನ್ನಿನ ಪಕ್ಷಿಸಂರಕ್ಷಣ ಸಂಘವು 1979ರಿಂದ ಪ್ರತಿ ಜನವರಿಯ ಕೊನೆಯಲ್ಲಿ ತೋಟದ ಹಕ್ಕಿಗಳ ಎಣಿಕೆಯನ್ನು ನಡೆಸುತ್ತಿದೆ. ಮನೆಯ ಕಿಟಕಿಯಲ್ಲಿ ಒಂದು ತಾಸು ಕುಳಿತು ಕಂಡ ಹಕ್ಕಿಗಳನ್ನು ಲೆಕ್ಕ ಬರೆದು ಕಳುಹಿಸಬೇಕು, ಅಷ್ಟೇ. ಲಾಕ್‌ಡೌನಿನ ಆ 2021ರ ಜನವರಿಯಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಜನರು ಈ ಎಣಿಕೆಯಲ್ಲಿ ಸೇರಿದರು. ಎಲ್ಲಕ್ಕಿಂತ ಹೆಚ್ಚಾಗಿ ಎಣಿಕೆಗೆ ಬಂದದ್ದು ಯಾವ ಹಕ್ಕಿ ಬಲ್ಲಿರಾ? ನಮ್ಮ ಮಾಡಿನ ಸಂದಿನಲ್ಲಿ ಗೂಡು ಕಟ್ಟುವ ಅದೇ ಗುಬ್ಬಚ್ಚಿ. ಇದರಂತೆಯೇ ಸೂರ್ಯನು ಮುಳುಗುವ ಹೊತ್ತನ್ನು ದಿನಾಲೂ ಬರೆದಿಡುವ ಅಭ್ಯಾಸವು ಒಳ್ಳೇದು. ಲಂಡನ್ನಿನಲ್ಲಿ ಡಿಸೆಂಬರ್ ನಡುವೆ ಕಳೆದೊಡನೆ ಸಂಜೆಯು ನಿಮಿಷ ನಿಮಿಷವಾಗಿ ದೂರ ಸರಿಯತೊಡಗುವದು. ಜನವರಿ ಮುಗಿಯುವಾಗ ಹಗಲು ಒಂದು ಗಂಟೆಗಿಂತ ಹೆಚ್ಚು ಬೆಳೆದಿರುವದು. ಕಣ್ಣಿಗೆ ತೋರದ ಈ ಏಳಿಗೆಯು ಪುಸ್ತಕದ ಅಂಕೆಗಳಲ್ಲಿ ತೋರುವದು. ನಿರಾಶೆಗೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಐದನೆಯದು ಮತ್ತೊಬ್ಬರ ಯೋಗಕ್ಷೇಮ. ದಿನಕ್ಕೊಬ್ಬರಿಗಾದರೂ ಫೋನು ಮಾಡುವದು, ವಾರಕ್ಕೊಂದು ಪತ್ರ ಬರೆಯುವದು, ನೆರೆಮನೆಯ ಮುದುಕಿಗೆ ಸಾಮಾನು ತಂದುಕೊಡುವದು ಇವುಗಳಿಂದ ಅವರಿಗೆಷ್ಟು ಲಾಭವೋ ನಮಗೂ ಅಷ್ಟೇ. ಪ್ಯಾರಿಯ ಹಡಗಿನಲ್ಲಿ ಪಾಠ ಕಲಿತವನಿಗೆ ಚಳಿಗಾಲವು ಹೇಗೆ ಕಡಿಮೆಯಾಯಿತೋ, ಪಾಠ ಹೇಳಿದವನಿಗೂ ಹಾಗೆಯೇ ಕಡಿಮೆಯಾಗಿರಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಮೇಲಿನ ಕ್ರಮಗಳು ಸಾಮಾನ್ಯವಾದ ಮಂಕಿಗೆ ಮದ್ದು. ಎರಡು ವಾರಗಳಾದರೂ ಮನಸ್ಸು ಏಳದೆ, ಊಟ ನಿದ್ರೆಗಳು ಕೆಟ್ಟು, ಪ್ರಿಯವಾದದ್ದೂ ರುಚಿಸದೆ, ಬದುಕೇ ಬೇಡವೆಂಬ ಯೋಚನೆ ಒಂದು ಸಾರಿಯಾದರೂ ಸುಳಿದರೆ ಅದು ಕಾಯಿಲೆ. ವೈದ್ಯರ ಬಳಿಗೆ ತಡಮಾಡದೆ ಹೋಗಬೇಕು. ಜ್ವರ ಬಂದದ್ದನ್ನು ಯಾರೂ ಮುಚ್ಚಿಡುವದಿಲ್ಲ; ಇದನ್ನೇಕೆ ಮುಚ್ಚಿಡಬೇಕು? ಪರದೇಶದಲ್ಲಿರುವ ನಮ್ಮ ಹುಡುಗಿಯರು ತಾಯಿತಂದೆಗಳು ಚಿಂತೆಗೊಳಗಾದಾರೆಂದು ‘ಚೆನ್ನಾಗಿದ್ದೇನೆ’ ಎಂದಷ್ಟೇ ಹೇಳುವದುಂಟು. ಆದದರಿಂದ ತಾಯಂದಿರೇ, ಮಗಳೊಡನೆ ಮಾತಾಡುವಾಗ ‘ಊಟವಾಯಿತೇ’ ಎಂದು ಕೇಳಿದ ಹಾಗೆ ‘ಇಂದು ಹೊರಗೆ ನಡೆದೆಯಾ? ಯಾರೊಡನೆ ಮಾತಾಡಿದೆ?’ ಎಂದೂ ಕೇಳಿರಿ. ಉತ್ತರ ಬರುವ ವರೆಗೆ ಫೋನನ್ನು ಇಡಬೇಡಿರಿ.

2021ರ ಆ ಚಳಿಗಾಲವು ಕಳೆದುಹೋಯಿತು. ಆದರೆ ಮನೆಯೊಳಗೆ ಕಟ್ಟಿಬೀಳುವ ಕಾಲಗಳು ಸ್ತ್ರೀಯರ ಬಾಳಿನಲ್ಲಿ ಲಾಕ್‌ಡೌನಿನೊಂದಿಗೆ ಮುಗಿಯತಕ್ಕವಲ್ಲ. ಬಾಣಂತಿತನ, ದೀರ್ಘ ಕಾಯಿಲೆ, ಹಾಸಿಗೆ ಹಿಡಿದ ಅತ್ತೆಮಾವಂದಿರ ಆರೈಕೆ ಇವೆಲ್ಲ ತಿಂಗಳುಗಟ್ಟಲೆ ಹೊಸ್ತಿಲು ದಾಟಗೊಡಿಸವು. ಆಷಾಢದ ಮಳೆಯಲ್ಲಿ ವಾರವಿಡೀ ಬಿಸಿಲು ಕಾಣದ ಮಲೆನಾಡಿನ ಮನೆಗಳೂ ಉಂಟು. ಪ್ರಿಯ ವಿದ್ಯಾರ್ಥಿನಿಯರೇ, ಅಂಥ ಕಾಲವು ನಿಮಗೆ ಬಂದಾಗ ಕಿಟಕಿಯನ್ನು ತೆರೆಯಿರಿ, ಹೊತ್ತಿಗೆ ಸರಿಯಾಗಿ ಏಳಿರಿ, ಕೈಯಲ್ಲಿ ಒಂದು ಕೆಲಸವನ್ನಿಟ್ಟುಕೊಳ್ಳಿರಿ, ಕತ್ತಲೆಯಲ್ಲಿರುವ ಮತ್ತೊಬ್ಬಳನ್ನು ನೆನೆದು ಅವಳಿಗೆ ಎರಡು ಸಾಲು ಬರೆಯಿರಿ. ಮನೆಬಿಟ್ಟು ದೂರ ಹೋಗುವವರು ಉಣ್ಣೆಯ ಬಟ್ಟೆಗಳ ಜೊತೆಯಲ್ಲಿ ಈ ನಾಲ್ಕು ಮಾತುಗಳನ್ನೂ ಗಂಟಿನಲ್ಲಿ ಕಟ್ಟಿಕೊಂಡು ಹೋಗಿರಿ.