ಒಂದೇ ವೇದಿಕೆ, ನಾಲ್ಕು ರಾಕ್ ತಂಡ: ನಿಮಿಷಗಳದ್ದೇ ಲೆಕ್ಕಾಚಾರ

ಬೆಂಗಳೂರು: ಸ್ವಂತ ಗೀತೆಗಳನ್ನೇ ನುಡಿಸುವ ಉದಯೋನ್ಮುಖ ರಾಕ್ ತಂಡವೊಂದು ಏಕಾಂಗಿಯಾಗಿ ಸಭಾಂಗಣ ತುಂಬಿಸುವುದು ಕಷ್ಟಸಾಧ್ಯ. ಧ್ವನಿ, ಬೆಳಕಿನ ಬಾಡಿಗೆಯೂ ಹೊರೆಯೇ. ಆದ್ದರಿಂದಲೇ ಮೂರ್ನಾಲ್ಕು ತಂಡಗಳು ಒಂದೇ ಸಂಜೆಯನ್ನು ಹಂಚಿಕೊಳ್ಳುತ್ತವೆ. ಖರ್ಚು ಹಂಚಿಹೋಗುತ್ತದೆ, ಒಂದು ತಂಡದ ಅಭಿಮಾನಿ ಇನ್ನೊಂದಕ್ಕೂ ಕೇಳುಗನಾಗುತ್ತಾನೆ.

2009ರಲ್ಲಿ ಬ್ರಿಟಿಷ್ ಕೌನ್ಸಿಲ್‌ನ 'ಸೌಂಡ್‌ಪ್ಯಾಡ್' ಯೋಜನೆಯಡಿ ಬೆಂಗಳೂರಿನ ಸ್ವರಾತ್ಮ, ದೆಹಲಿಯ ಅದ್ವೈತ ಮತ್ತು ಇಂಡಿಗೊ ಚಿಲ್ಡ್ರನ್, ಮುಂಬೈನ ಮೆಡೂಸಾ ತಂಡಗಳು ಒಟ್ಟಾಗಿ ಬ್ರಿಟನ್ ಪ್ರವಾಸ ಕೈಗೊಂಡಿದ್ದು ಇದೇ ಸೂತ್ರದ ವಿಸ್ತೃತ ರೂಪ. ನಿರ್ಮಾಪಕ ಜಾನ್ ಲೆಕಿ ಈ ನಾಲ್ಕೂ ತಂಡಗಳ ಗೀತೆಗಳನ್ನು ಧ್ವನಿಮುದ್ರಿಸಿದ್ದರು.

ಇಂತಹ ಕಾರ್ಯಕ್ರಮಗಳಲ್ಲಿ ಡ್ರಮ್ ಸೆಟ್, ಆಂಪ್ಲಿಫೈಯರ್‌ಗಳು ಸಾಮಾನ್ಯವಾಗಿ ಎಲ್ಲರಿಗೂ ಒಂದೇ. ಡ್ರಮ್ ವಾದಕರು ತಮ್ಮ ಸ್ನೇರ್, ಸಿಂಬಲ್, ಪೆಡಲ್‌ಗಳನ್ನಷ್ಟೇ ತರುತ್ತಾರೆ. ಧ್ವನಿ ಪರೀಕ್ಷೆ ಹಿಮ್ಮುಖವಾಗಿ ಸಾಗುತ್ತದೆ. ರಾತ್ರಿ ಕೊನೆಗೆ ನುಡಿಸುವ ಪ್ರಮುಖ ತಂಡಕ್ಕೆ ಮಧ್ಯಾಹ್ನ ಮೊದಲ ಅವಕಾಶ. ಕಾರ್ಯಕ್ರಮ ಆರಂಭಿಸುವ ಹೊಸಬರಿಗೆ ಕೊನೆಯದು. ಇದರಿಂದ ಆರಂಭದ ತಂಡದ ಸಲಕರಣೆಗಳು ವೇದಿಕೆಯಲ್ಲಿ ಸಜ್ಜಾಗಿಯೇ ಇರುತ್ತವೆ. ಆದರೆ ಮಧ್ಯಾಹ್ನದ ವಿಳಂಬದ ಪೆಟ್ಟು ಬೀಳುವುದೂ ಹೊಸಬರಿಗೇ.

ಸಂಜೆ ಈ ಲೆಕ್ಕ ತಲೆಕೆಳಗಾಗುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರ ನಂತರ ಸಾಮಾನ್ಯವಾಗಿ ಧ್ವನಿವರ್ಧಕ ಬಳಸುವಂತಿಲ್ಲ. ಮೂರು ತಂಡಗಳು ತಲಾ ಐದು ನಿಮಿಷ ಹೆಚ್ಚು ನುಡಿಸಿದರೆ, ನಾಲ್ಕನೆಯ ತಂಡಕ್ಕೆ 15 ನಿಮಿಷ ಖೋತಾ. ಕೊನೆಯ ತಂಡಕ್ಕಾಗಿಯೇ ಬಂದ ಪ್ರೇಕ್ಷಕ ನಿರಾಶನಾಗಿ ಮರಳುತ್ತಾನೆ. ಹೀಗಾಗಿ ತಮ್ಮ ಸಮಯಕ್ಕೆ ಸರಿಯಾಗಿ ವೇದಿಕೆ ಬಿಟ್ಟುಕೊಡುವ ತಂಡವನ್ನೇ ಆಯೋಜಕರು ಮತ್ತೆ ಕರೆಯುತ್ತಾರೆ.