ಬಾಂಡ್ ಪೇಪರಿನ ಮೇಲೆ ಗಂಡ ಹೆಂಡತಿ

ಹಳೇಕೋಟೆ ಹೋಬಳಿಯ ಗಂಡ ಹೆಂಡತಿ ಒಂದು ಪತ್ರ ಬರೆಸಲು ಹೊಳೆನರಸೀಪುರಕ್ಕೆ ಬಂದಿದ್ದಾರೆ ಎಂದುಕೊಳ್ಳಿ. ಶುಂಠಿ ಹಾಕಲು ಆಕೆಯ 60 ಗ್ರಾಂ ಒಡವೆ ಅಡವಿಗೆ ಹೋಗಿತ್ತು. ಶುಂಠಿಗೆ ಬೆಲೆ ಬಿತ್ತು, ಒಡವೆ ಹರಾಜಾಯಿತು. ಮನೆಯಲ್ಲಿ ಮಾತು ಬೆಳೆದು ಹಿರಿಯರು ಕೂತರು. 'ಒಂದು ಬಾಂಡ್ ಪೇಪರ್ ಮೇಲೆ ಬರ್ಕೊಟ್ಬುಡಪ್ಪ, ಗಲಾಟೆ ಬ್ಯಾಡ' ಅಂದರು. ಪತ್ರ ಬರೆಯುವವರದು ಪಳಗಿದ ಕೈ, ಹತ್ತು ನಿಮಿಷದಲ್ಲಿ ತಯಾರು: 'ನಿನ್ನ ಮೇಲಿನ ಪ್ರೀತಿ ವಿಶ್ವಾಸದಿಂದ ಮುಂದೆ 1 ಎಕರೆ ಜಮೀನನ್ನು ನಿನ್ನ ಹೆಸರಿಗೆ ಮಾಡಿಕೊಡುತ್ತೇನೆ. ಇನ್ನು ಮುಂದೆ ನೀನು ನನ್ನಿಂದ ಜೀವನಾಂಶ ಕೇಳತಕ್ಕದ್ದಲ್ಲ.' ಕೊನೆಗೆ ನೋಟರಿ ಸೀಲು.

ಎರಡೇ ವಾಕ್ಯ. ನಮ್ಮ ಸೀಮೆಯಲ್ಲಿ ಓಡಾಡುವ ತಪ್ಪು ತಿಳಿವಳಿಕೆಗಳೆಲ್ಲ ಅದರಲ್ಲೇ ಇವೆ.

'ಗಂಡ ಹೆಂಡತಿ ನಡುವಿನ ಕರಾರು ಕೋರ್ಟಲ್ಲಿ ನಿಲ್ಲೋದೇ ಇಲ್ಲ' ಎಂಬುದು ಮೊದಲನೆಯದು. ಕಾನೂನು ಓದಿದವರೂ ಇದನ್ನು ಹೇಳುತ್ತಾರೆ. ಅವರ ತಲೆಯಲ್ಲಿರುವುದು 1919ರ ಬಾಲ್ಫೋರ್ ಮೊಕದ್ದಮೆ. ಸಿಲೋನಿನಲ್ಲಿ ನೌಕರಿಯಲ್ಲಿದ್ದ ಗಂಡ ಇಂಗ್ಲೆಂಡಿನಲ್ಲಿ ಉಳಿದ ಹೆಂಡತಿಗೆ ತಿಂಗಳಿಗೆ 30 ಪೌಂಡ್ ಕೊಡುತ್ತೇನೆಂದು ಬಾಯಿಮಾತಿನಲ್ಲಿ ಹೇಳಿದ್ದ. ಅದು ಸಂಸಾರದ ಮಾತು, ಕರಾರಲ್ಲ ಎಂದಿತು ಇಂಗ್ಲೆಂಡಿನ ನ್ಯಾಯಾಲಯ. ನಮ್ಮ 1872ರ ಕರಾರು ಕಾಯಿದೆಯಲ್ಲಿ ಗಂಡ ಹೆಂಡತಿ ಕರಾರು ಮಾಡಿಕೊಳ್ಳಬಾರದು ಎಂಬ ಮಾತೇ ಇಲ್ಲ. ಅವರು ಒಬ್ಬರಿಗೊಬ್ಬರು ಸಾಲ ಕೊಡಬಹುದು, ಜಮೀನು ಮಾರಬಹುದು, ದಾನ ಮಾಡಬಹುದು. ಮದುವೆಯಾದ ಮೇಲೆ ಮೆಹರ್ ಹೆಚ್ಚಿಸುವುದನ್ನು ಮುಸ್ಲಿಂ ಕಾನೂನು ಮೊದಲಿನಿಂದಲೂ ಒಪ್ಪಿದೆ.

ಇದರ ಇನ್ನೊಂದು ತುದಿ, 'ಮದುವೆಯಾದ ಮೇಲೆ ಆಸ್ತಿ ಅರ್ಧ ಅರ್ಧ, ಕರಾರು ಯಾಕೆ?' ಅದು ಕಾರವಾರದಾಚೆ ಗೋವಾದ ಪದ್ಧತಿ. ಕರ್ನಾಟಕದಲ್ಲಿ ಅವನ ಹೆಸರಿನದು ಅವನದು, ಅವಳ ಹೆಸರಿನದು ಅವಳದು. ಮನೆಯಲ್ಲಿ ವಾಸಿಸುವ ಹಕ್ಕು, ಜೀವನಾಂಶದ ಹಕ್ಕು ಬೇರೆ ಮಾತು.

ನನಗೆ ಹೆಚ್ಚು ಕಾಡುವುದು 'ಪ್ರೀತಿ ವಿಶ್ವಾಸದಿಂದ' ಎಂಬ ಆ ಪದಪುಂಜ. ಅದನ್ನು ಸೇರಿಸಿದರೆ ಪತ್ರ ಗಟ್ಟಿ ಎಂದು ಬರೆಯುವವರ ನಂಬಿಕೆ. ನಡೆದದ್ದೇನು? ಆಕೆ ಚಿನ್ನ ಕೊಟ್ಟಳು, ಅದಕ್ಕೆ ಪ್ರತಿಯಾಗಿ ಈತ ಜಮೀನು ಕೊಡಬೇಕು. ಕೊಟ್ಟದ್ದಕ್ಕೆ ಪಡೆದದ್ದು ಇದೆ, ಕರಾರಿಗೆ ಬೇಕಾದ ಪ್ರತಿಫಲ ಇದೆ. ಪತ್ರ ಅದನ್ನು ಬಿಟ್ಟು ಪ್ರೀತಿಯ ಮೇಲೆ ನಿಂತಿತು. ಪ್ರತಿಫಲವಿಲ್ಲದೆ ಬರೀ ಪ್ರೀತಿಯ ಮೇಲೆ ಕೊಟ್ಟ ಮಾತು ನಿಲ್ಲಬೇಕಾದರೆ ಪತ್ರ ನೋಂದಣಿಯಾಗಿರಬೇಕು ಎನ್ನುತ್ತದೆ ಕರಾರು ಕಾಯಿದೆಯ 25ನೇ ಕಲಂ. ಜೊತೆಗೆ ಆ ಪ್ರೀತಿ ನಿಜವಾಗಿ ಇರಬೇಕು. 1900ರಲ್ಲಿ ಕಲ್ಕತ್ತಾ ಹೈಕೋರ್ಟಿಗೆ ಹೋದ ಒಂದು ಪತ್ರ ನೋಂದಣಿಯೂ ಆಗಿತ್ತು. ಬೇರೆ ಇರುವ ಹೆಂಡತಿಯ ಖರ್ಚಿಗೆ ಹಣ ಕೊಡುತ್ತೇನೆಂದು ಗಂಡ ಬರೆದುಕೊಟ್ಟಿದ್ದ. ಆದರೆ ಇಬ್ಬರ ಜಗಳದ ಕಥೆಯನ್ನೂ ಅದೇ ಪತ್ರ ಹೇಳುತ್ತಿತ್ತು. ಇಲ್ಲಿ ಪ್ರೀತಿ ಎಲ್ಲಿದೆ ಎಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. 'ಒಡವೆಯ ಬಾಬ್ತು' ಎಂದು ನಮ್ಮ ಪತ್ರದಲ್ಲಿ ನಿಜ ಬರೆದಿದ್ದರೆ ಸಾಕಿತ್ತು.

ಇನ್ನು ನೋಟರಿ ಸೀಲು. ಸಹಿ ಹಾಕಿದವರು ಇವರೇ ಎಂಬುದಕ್ಕೆ ಅದು ಸಾಕ್ಷಿ, ಅಷ್ಟೇ. 'ಮಾಡಿಕೊಡುತ್ತೇನೆ' ಎಂಬ ಪತ್ರಕ್ಕೆ ಎಷ್ಟು ಸೀಲು ಬಿದ್ದರೂ ಜಮೀನು ಕದಲುವುದಿಲ್ಲ. 'ಕೊಟ್ಟಿದ್ದೇನೆ' ಎಂದು ದಾನಪತ್ರವಾಗಬೇಕು, ಇಬ್ಬರು ಸಾಕ್ಷಿ ಸಹಿ ಹಾಕಬೇಕು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಬೇಕು. 'ಅದಕ್ಕೆ ಲಕ್ಷಗಟ್ಟಲೆ ಮುದ್ರಾಂಕ ಶುಲ್ಕ' ಎಂದು ಹೆದರುವವರಿದ್ದಾರೆ. ಕರ್ನಾಟಕದಲ್ಲಿ ಗಂಡ ಹೆಂಡತಿ ನಡುವಿನ ದಾನಕ್ಕೆ ಬೆಲೆಯ ಮೇಲೆ ಶೇಕಡಾ ಲೆಕ್ಕವಿಲ್ಲ, ಕೆಲವು ಸಾವಿರದ ನಿಗದಿತ ಮೊತ್ತ.

ಅದಕ್ಕೂ ಮೊದಲು ಪಹಣಿ ತೆಗೆಸಿ ನೋಡಬೇಕು. ಅರಕಲಗೂಡಿನ ತಂಬಾಕಿನ ಹೊಲವಾಗಲಿ, ಚನ್ನರಾಯಪಟ್ಟಣದ ತೆಂಗಿನ ತೋಟವಾಗಲಿ, ಎಷ್ಟೋ ಕಡೆ ಖಾತೆ ಇನ್ನೂ ತಾತನ ಹೆಸರಲ್ಲೇ ಇರುತ್ತದೆ. ವಿಭಾಗವಾಗದ ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನು ಒಬ್ಬನೇ ಹೆಂಡತಿಗೆ ದಾನ ಮಾಡಿದರೆ ಅದು ಊರ್ಜಿತವಲ್ಲ ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. ಮೊದಲು ಅಣ್ಣತಮ್ಮಂದಿರ, ಅಕ್ಕತಂಗಿಯರ ಸಹಿಯೊಂದಿಗೆ ಪಾಲುಪತ್ರ, ಆಮೇಲೆ ಹೆಂಡತಿಯ ಮಾತು.

'ಬರೆದುಕೊಟ್ಟಿದ್ದಾಳೆ, ಇನ್ನು ಜೀವನಾಂಶ ಕೇಳುವ ಹಾಗಿಲ್ಲ' ಎಂಬ ನಂಬಿಕೆಗೆ ಕಲಬುರಗಿಯ ದಂಪತಿಯೊಬ್ಬರ ಕಥೆ ಸಾಕು. 1994ರಲ್ಲಿ, ನ್ಯಾಯಾಲಯದಲ್ಲೇ ರಾಜಿಯಾಗಿ, ಹೆಂಡತಿ ಒಟ್ಟಿಗೆ 8,000 ರೂಪಾಯಿ ಪಡೆದು ಮುಂದೆ ಕೇಳುವುದಿಲ್ಲ ಎಂದು ಒಪ್ಪಿದ್ದರು. ವರ್ಷಗಳ ನಂತರ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯಡಿ ದಾವೆ ಹೂಡಿದರು. ಕೌಟುಂಬಿಕ ನ್ಯಾಯಾಲಯ ತಿಂಗಳಿಗೆ 2,000 ರೂಪಾಯಿ ಕೊಡಿಸಿತು, ಹೈಕೋರ್ಟ್ ಒಪ್ಪಿತು, 2013ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕಾನೂನು ಕೊಟ್ಟ ಹಕ್ಕನ್ನು ಆ ರಾಜಿ ಕಸಿಯಲಾಗಲಿಲ್ಲ. ನ್ಯಾಯಾಧೀಶರ ಮುಂದಿನ ರಾಜಿಯ ಗತಿಯೇ ಹೀಗಾದರೆ ಬಾಂಡ್ ಪೇಪರಿನ ಆ ಎರಡನೇ ವಾಕ್ಯದ ಗತಿ ನೀವೇ ಊಹಿಸಿ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ನ್ಯಾಯಾಲಯ ಪರಿಶೀಲಿಸಿ ಡಿಕ್ರಿಗೆ ಸೇರಿಸಿದ ಇತ್ಯರ್ಥದ ತೂಕ ಬೇರೆ.

ಒಡವೆಯ ಬಗ್ಗೆ ಗಂಡಸರದು ಹಳೆಯ ವಾದ: 'ಮನೆಗೇ ತಾನೆ ಖರ್ಚಾಗಿದ್ದು?' ಶಾಸ್ತ್ರದ ಆಸರೆಯೂ ಅದಕ್ಕೆ ಇತ್ತು. ಕ್ಷಾಮ, ಧರ್ಮಕಾರ್ಯ, ಕಾಯಿಲೆ, ಸೆರೆವಾಸದಲ್ಲಿ ತೆಗೆದುಕೊಂಡ ಸ್ತ್ರೀಧನವನ್ನು ಗಂಡ ಹಿಂತಿರುಗಿಸಬೇಕಿಲ್ಲ ಎಂಬುದು ಯಾಜ್ಞವಲ್ಕ್ಯನ ಮಾತು. (ಶುಂಠಿಯ ಬೆಲೆ ಬಿದ್ದದ್ದು ಆ ಪಟ್ಟಿಯಲ್ಲಿಲ್ಲ.) ಆ ಸ್ಮೃತಿಗೆ ಮಿತಾಕ್ಷರ ಬರೆದ ಕಲ್ಯಾಣದ ವಿಜ್ಞಾನೇಶ್ವರನೇ ಸ್ತ್ರೀಧನದ ಅರ್ಥವನ್ನು ಹಿಗ್ಗಿಸಿದವನು. ಹಾಸನ ಸೇರಿದ್ದ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾನೂನು ತಂದಿತು. 2024ರಲ್ಲಿ ಕೇರಳದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್, ಸ್ತ್ರೀಧನವನ್ನು ಕಷ್ಟಕಾಲಕ್ಕೆ ಗಂಡ ಬಳಸಬಹುದು, ಆದರೆ ಹಿಂತಿರುಗಿಸುವ ನೈತಿಕ ಹೊಣೆ ಅವನದು ಎಂದು ಹೇಳಿ 89 ಪವನ್ ಚಿನ್ನದ ಬಾಬ್ತು 25 ಲಕ್ಷ ರೂಪಾಯಿ ಕೊಡಿಸಿತು.

'ಹೆಂಡತಿ ಹೆಸರಿಗೆ ಮಾಡಿದರೆ ಸಾಲಗಾರರು ಮುಟ್ಟುವ ಹಾಗಿಲ್ಲ' ಎನ್ನುವವರಿಗೆ ಒಂದೇ ಮಾತು: ಸಾಲ ತಪ್ಪಿಸಲೆಂದೇ ಮಾಡಿದ ವರ್ಗಾವಣೆಯನ್ನು ಸಾಲ ಕೊಟ್ಟವರು ರದ್ದು ಮಾಡಿಸಬಹುದು. ದಾನವಾಗಿ ಬಂದದ್ದಕ್ಕೆ ಹೆಂಡತಿ ತೆರಿಗೆ ಕಟ್ಟಬೇಕಿಲ್ಲ, ನಿಜ. ಆದರೆ ಆ ಆಸ್ತಿಯಿಂದ ಬರುವ ಬಾಡಿಗೆ, ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ.

ಆ ದಂಪತಿ ಮತ್ತೆ ಬಂದರೆ ಜೀವನಾಂಶದ ವಾಕ್ಯ ಹೊಡೆದುಹಾಕಿಸಿ, 'ಮುಂದೆ' ಎಂಬ ಕಡೆ ಒಂದು ತಾರೀಕು ಹಾಕಿಸುತ್ತೇನೆ. 60 ಗ್ರಾಂ, ಸರ ಎಷ್ಟು, ಬಳೆ ಎಷ್ಟು, ಅಡವಿಟ್ಟ ದಿನ ಯಾವುದು ಎಂದು ಬರೆಸುತ್ತೇನೆ. ಅಡವಿನ ರಸೀದಿ ಕೇಳಿದರೆ ಆಕೆ ಪರ್ಸಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದಾಳು. ಅದನ್ನು ಪತ್ರದ ಹಿಂದೆ ಪಿನ್ನು ಹಾಕಿ ಸೇರಿಸಬೇಕು.