ಬೀದಿಗೆ ತೆರೆದ ಕುಂಬಾರಿಕೆ: ಪುಯೆಬ್ಲಾದ ತಲವೇರಾ

ಮೆಕ್ಸಿಕೊ ಸಿಟಿಯಿಂದ ಬಸ್ ಹತ್ತಿದರೆ ಸುಮಾರು ಎರಡು ಗಂಟೆಯ ಹಾದಿ ಪುಯೆಬ್ಲಾ. ಸ್ಪೇನಿನವರು 1531ರಲ್ಲಿ ಹೊಸದಾಗಿ ಕಟ್ಟಿದ ಊರು ಇದು. ಇದರ ಹಳೆಯ ಭಾಗ 1987ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಜೇಬಿನಲ್ಲಿ ಹಣ ಕಡಿಮೆ ಇರುವ ಪ್ರವಾಸಿಗರು ಮೊದಲ ದಿನವನ್ನು ಇಲ್ಲಿ ನಡೆದೇ ಕಳೆಯಬಹುದು. ಊರಿನ ಹೆಮ್ಮೆಯಾದ ತಲವೇರಾ ಕುಂಬಾರಿಕೆ ಮನೆಗಳ ಹೊರಗೋಡೆಯ ಮೇಲೆಯೇ ಇದೆ; ನೋಡಲು ಟಿಕೆಟ್ ಬೇಕಿಲ್ಲ.

ನಡುವಿನ ದೊಡ್ಡ ಚೌಕಕ್ಕೆ ಜೋಕಲೊ ಎನ್ನುತ್ತಾರೆ. ಅಲ್ಲಿಂದಲೇ ಹೊರಡಿ. ನೇರವಾದ ಅಡ್ಡರಸ್ತೆಗಳ ಈ ಊರಿನಲ್ಲಿ ಹೆಚ್ಚಿನ ಬೀದಿಗಳಿಗೆ ಸಂಖ್ಯೆಯೇ ಹೆಸರು. ಪೂರ್ವ-ಪಶ್ಚಿಮವಾಗಿ ಹಾಯುವ ರಸ್ತೆಗಳಿಗೆ ಚೌಕದ ಉತ್ತರದಲ್ಲಿ ಸರಿಸಂಖ್ಯೆ, ದಕ್ಷಿಣದಲ್ಲಿ ಬೆಸಸಂಖ್ಯೆ. ಇಷ್ಟು ತಿಳಿದಿದ್ದರೆ ದಾರಿ ಕೇಳುವ ಕಷ್ಟವಿಲ್ಲ. ಚೌಕದ ಪಕ್ಕದಲ್ಲೇ ಸಿಗುವ ‘ಕಾಸಾ ದೆ ಲೋಸ್ ಮುನ್ಯೇಕೋಸ್’ ಎಂಬ ಹಳೆಯ ಮನೆಯ ಮುಂದೆ ನಿಂತು ಕತ್ತೆತ್ತಿ ನೋಡಿ. ಕೆಂಪು ಇಟ್ಟಿಗೆಯ ನಡುವೆ ಟೈಲ್ಸ್ ಜೋಡಿಸಿ ಮೂಡಿಸಿದ, ವಿಚಿತ್ರ ಭಂಗಿಯ ಮನುಷ್ಯಾಕೃತಿಗಳು ಸಾಲಾಗಿ ಕಾಣುತ್ತವೆ.

ಕೈಗೆಟುಕುವ ಗೋಡೆಯ ಮೇಲೆ ಒಂದು ಟೈಲ್ಸ್ ಕಂಡರೆ ಹತ್ತಿರದಿಂದ ಗಮನಿಸಿ. ಅದರ ಬಿಳುಪು ಹಾಲಿನ ಕೆನೆಯಂತೆ ತುಸು ಮಾಸಲು. ಮೆರುಗಿನಲ್ಲಿ ಕೂದಲೆಳೆಯಂಥ ಬಿರುಕುಗಳು. ನೀಲಿ ಗೆರೆಯ ಮೇಲೆ ಬೆರಳಾಡಿಸಿದರೆ ಬಣ್ಣ ಸ್ವಲ್ಪ ಉಬ್ಬಿರುವುದು ತಿಳಿಯುತ್ತದೆ. ಎರಡು ಬಗೆಯ ಸ್ಥಳೀಯ ಜೇಡಿಮಣ್ಣನ್ನು ಬೆರೆಸಿ, ತುಳಿದು ಹದಮಾಡಿ, ತಿಗರಿಯಲ್ಲೋ ಅಚ್ಚಿನಲ್ಲೋ ರೂಪ ಕೊಡುತ್ತಾರೆ. ನಿಧಾನವಾಗಿ ಒಣಗಿಸಿ ಒಮ್ಮೆ ಸುಡುತ್ತಾರೆ. ಆಮೇಲೆ ತವರ, ಸೀಸ ಬೆರೆತ ಬಿಳಿಯ ದ್ರಾವಣದಲ್ಲಿ ಅದ್ದಿ, ಅದರ ಮೇಲೆ ಖನಿಜದ ಬಣ್ಣಗಳಿಂದ ಕೈಯಲ್ಲೇ ಚಿತ್ರ ಬರೆದು ಮತ್ತೆ ಸುಡುತ್ತಾರೆ. ಬಣ್ಣವನ್ನು ಒಣಗಿ ಪುಡಿಯಂತಾದ ಆ ಬಿಳಿಯ ಪದರ ತಕ್ಷಣ ಹೀರಿಕೊಳ್ಳುವುದರಿಂದ ಎಳೆದ ಗೆರೆಯನ್ನು ಅಳಿಸಿ ತಿದ್ದುವಂತಿಲ್ಲ.

ಹೆಸರು ಬಂದಿದ್ದು ಸ್ಪೇನಿನ ತಲವೇರಾ ದೆ ಲಾ ರೇನಾ ಪಟ್ಟಣದಿಂದ. ನೀಲಿಯ ಮೋಹ ಬಂದಿದ್ದು ಚೀನಾದ ಪಿಂಗಾಣಿಯಿಂದ. ಮನಿಲಾದಿಂದ ಅಕಾಪುಲ್ಕೊಗೆ ಬರುತ್ತಿದ್ದ ಹಡಗುಗಳು ಅದನ್ನು ತರುತ್ತಿದ್ದವು. 1653ರ ಹೊತ್ತಿಗೆ ಕುಂಬಾರರ ಸಂಘ ಕಸುಬಿಗೆ ಕಟ್ಟುಪಾಡುಗಳನ್ನೂ ಮಾಡಿತ್ತು. ಅದೇ ಸಮುದ್ರದ ಹಾದಿಯಲ್ಲಿ ಭಾರತದ ಹೆಣ್ಣುಮಗಳೊಬ್ಬಳು ಗುಲಾಮಳಾಗಿ ಈ ಊರಿಗೆ ಬಂದಳು. ಮಿರ್ರಾ ಎಂಬ ಹೆಸರಿದ್ದ ಆಕೆ ಕತಾರಿನಾ ದೆ ಸಾನ್ ಹುವಾನ್ ಆಗಿ, ಜನ ಪೂಜ್ಯಭಾವದಿಂದ ಕಂಡ ಭಕ್ತೆಯಾಗಿ 1688ರಲ್ಲಿ ತೀರಿಕೊಂಡಳು. ಜೆಸ್ಯೂಟರ ಚರ್ಚಿನಲ್ಲಿ ಆಕೆಯ ಸಮಾಧಿಯಿದೆ. ಭಾರತದಿಂದ ಹೋದವರು ಅಲ್ಲಿ ಒಂದು ಗಳಿಗೆ ನಿಲ್ಲಲೇಬೇಕು.

ಮಧ್ಯಾಹ್ನಕ್ಕೆ ಸಣ್ಣ ಹೋಟೆಲಿನಲ್ಲಿ ‘ಕೊಮಿದಾ ಕೊರ್ರಿದಾ’ ಕೇಳಿ. ಸೂಪು, ಅನ್ನ, ಒಂದು ಮುಖ್ಯ ಪದಾರ್ಥ ಸೇರಿದ ಅಗ್ಗದ ಊಟವದು. ಮೆಣಸಿನಕಾಯಿ, ಚಾಕೊಲೇಟ್, ಮಸಾಲೆ ಅರೆದು ಮಾಡುವ ‘ಮೋಲೆ’ ಈ ಊರಿನದೇ ರುಚಿ. ಅದು ಹುಟ್ಟಿತೆಂದು ಐತಿಹ್ಯ ಹೇಳುವ ಸಾಂತಾ ರೋಸಾ ಕಾನ್ವೆಂಟಿನ ಅಡುಗೆಮನೆಗೂ ಗೋಡೆಯಿಂದ ಛಾವಣಿಯವರೆಗೆ ತಲವೇರಾ ಟೈಲ್ಸ್ ಹೊದಿಸಿದ್ದಾರೆ.

ಟಿಕೆಟಿಗೆಂದು ಸ್ವಲ್ಪ ಹಣ ಉಳಿಸಿಕೊಂಡಿದ್ದರೆ ಪಾಲಾಫೋಕ್ಸಿಯಾನಾ ಗ್ರಂಥಾಲಯಕ್ಕೆ ಕೊಡಿ. ಬಿಷಪ್ ಹುವಾನ್ ದೆ ಪಾಲಾಫೋಕ್ಸ್ 1646ರಲ್ಲಿ ತಮ್ಮ 5,000 ಪುಸ್ತಕಗಳನ್ನು ದಾನ ಮಾಡಿ, ಓದಬಲ್ಲ ಎಲ್ಲರಿಗೂ ಅವು ಸಿಗಬೇಕೆಂದರು. ಇಂದು ಅಲ್ಲಿ 45,000ಕ್ಕೂ ಹೆಚ್ಚು ಗ್ರಂಥಗಳಿವೆ. ಗೋಡೆಯ ಚಿತ್ತಾರವನ್ನು ದಾರಿಹೋಕರಿಗೆ, ಪುಸ್ತಕವನ್ನು ಓದುಗರಿಗೆ ಬಿಟ್ಟುಕೊಟ್ಟ ಊರಿದು. ಅದರ ನಿಜವಾದ ಸಿರಿವಂತಿಕೆ ಇದೇ.

ಸಂಜೆ ಎಲ್ ಪರಿಯಾನ್ ಮಾರುಕಟ್ಟೆಯಲ್ಲಿ ಬಣ್ಣಬಣ್ಣದ ತಟ್ಟೆಗಳು ಅಗ್ಗಕ್ಕೆ ಸಿಗುತ್ತವೆ. ಅವುಗಳಲ್ಲಿ ಬಹಳಷ್ಟು ತಲವೇರಾ ಅಲ್ಲ. ನಿಜವಾದದ್ದರ ತಳದಲ್ಲಿ ಕಾರ್ಖಾನೆಯ ಗುರುತು ಇರುತ್ತದೆ, ಜೊತೆಗೆ ಪ್ರಮಾಣಪತ್ರವೂ ಬರುತ್ತದೆ. 2019ರಲ್ಲಿ ಯುನೆಸ್ಕೊ ಮನ್ನಣೆ ಪಡೆದ ಈ ಕಸುಬು ಉಳಿಯಬೇಕಾದರೆ, ಹತ್ತು ನಕಲಿ ತಟ್ಟೆ ಕೊಳ್ಳುವ ಹಣದಲ್ಲಿ ಒಂದೇ ಒಂದು ಅಸಲಿ ಟೈಲ್ಸ್ ಕೊಳ್ಳಿ.